ಕಾಣೆಯಾದ ಕರ್ನಲ್ ಡ್ರೈವರಿಗೆ, ಹಸೆಮಣೆಯ ಪಕ್ಕದಿಂದ

ಕೋಗಿಲು, ಯಲಹಂಕ ಹೋಬಳಿ
ಫೆಬ್ರವರಿ 26, 2012

ಗೆ:
ಶ್ರೀಮಾನ್ ಎಸ್.ಎನ್.ಡಿ. ಯು.ಎಸ್.ಬಿ. ಆಡಿಯೊ ಅವರು,
ಡ್ರೈವರ್ ಮಾಡ್ಯೂಲ್, ಧ್ವನಿ ವಿಭಾಗ,
ಲಿನಕ್ಸ್ ಕರ್ನಲ್ ಬಡಾವಣೆ.
ಮನೆ ನಂಬರ್: ಮನೆ ಇದ್ದರೆ ತಾನೇ.

ವಿಷಯ: ತಾವು ಹೇಳದೆ ಕೇಳದೆ ಕಾಣೆಯಾದ ಬಗ್ಗೆ, ಮತ್ತು ತಮ್ಮ ಬದಲಿಗೆ ನಮಗೆ ಬೇರೊಬ್ಬ ಡ್ರೈವರು ಸಿಕ್ಕಿದ ಬಗ್ಗೆ.

ಮಾನ್ಯರೇ,

ಕೋಗಿಲು ಗ್ರಾಮದ ದಿವಂಗತ ಮುನಿಶಾಮಪ್ಪನವರ ಮಗ ಸುಬ್ರಮಣಿಯಾದ ನಾನು, ನನ್ನ ತಾಯಿ ಪಟಾಲಮ್ಮನವರು, ಹೆಂಡತಿ ರಾಣಿ, ಹತ್ತು ದಿನದ ಹಿಂದಷ್ಟೇ ಮದುವೆಯಾದ ಮಗಳು ಚೈತ್ರ ಮತ್ತು ಇನ್ನೂ ಊರಿಗೆ ಹೊರಡದೆ ಉಳಿದಿರುವ ಹನ್ನೊಂದು ಜನ ನೆಂಟರು ಸೇರಿ ತಮ್ಮ ಪಾದಾರವಿಂದಗಳಿಗೆ, ಅವು ಎಲ್ಲಿದ್ದರೂ ಸರಿ, ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ತಾವೂ ಕ್ಷೇಮವೆಂದು ನಂಬಿದ್ದೇನೆ. ತಾವು ಎಲ್ಲಿರುತ್ತೀರಿ, ಯಾವಾಗ ಇರುತ್ತೀರಿ, ಯಾವಾಗ ಇರುವುದಿಲ್ಲ ಎಂಬುದು ತಮ್ಮ ಯಜಮಾನರಿಗೇ ಗೊತ್ತಾಗದಿರುವಾಗ, ನಂಬುವುದೊಂದೇ ನನ್ನ ಪಾಲಿಗೆ ಉಳಿದಿರುವ ಕೆಲಸ.

ಇದು ಬಹಿರಂಗ ಪತ್ರವಾದ್ದರಿಂದ, ತಮ್ಮ ದರ್ಶನಭಾಗ್ಯ ದೊರೆಯದ ಓದುಗರಿಗೆ ತಮ್ಮನ್ನು ಪರಿಚಯಿಸುವುದು ನನ್ನ ಕರ್ತವ್ಯ. ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿದ ಕಂಪ್ಯೂಟರಿನೊಳಗೆ ಕರ್ನಲ್ ಎಂಬ ಯಜಮಾನರೊಬ್ಬರು ಇರುತ್ತಾರೆ. ಎಲ್ಲ ಆಜ್ಞೆಯೂ ಅವರದೇ, ಆದರೆ ಸ್ವತಃ ಯಾವ ಕೆಲಸಕ್ಕೂ ಕೈ ಹಾಕುವವರಲ್ಲ. ಪ್ರಿಂಟರಿಗೊಬ್ಬ, ಕ್ಯಾಮೆರಾಕ್ಕೊಬ್ಬ, ಸ್ಪೀಕರಿಗೊಬ್ಬ ಎಂದು ಡ್ರೈವರುಗಳನ್ನು ಇಟ್ಟುಕೊಂಡಿರುತ್ತಾರೆ. ಹೊಸದೊಂದು ಯಂತ್ರವನ್ನು ಸಿಕ್ಕಿಸಿದ ಕೂಡಲೇ ಅದಕ್ಕೆ ಸಂಬಂಧಪಟ್ಟ ಡ್ರೈವರು ಮಾಡ್ಯೂಲ್ ಎಂಬ ತನ್ನ ಕೋಣೆಯಿಂದ ಎದ್ದು ಬಂದು ಅದನ್ನು ಓಡಿಸಬೇಕು. ತಾವು ಹಾಡು, ಮಾತು, ಸದ್ದಿನ ಡ್ರೈವರು. ಯಲಹಂಕದ ಒಂದು ಐ.ಟಿ.ಐ.ನಲ್ಲಿ ಕಂಪ್ಯೂಟರ್ ಹೇಳಿಕೊಡುವ ನಾನು, ನಾಲ್ಕು ವರ್ಷದ ಹಿಂದೆ ಒಂದು ಶಿಬಿರಕ್ಕೆ ಹೋಗಿ ಬಂದ ಮೇಲೆ ತಮ್ಮ ಸಂಸ್ಥಾನದ ಪರಮಭಕ್ತನಾದೆ. ಮನೆಯಲ್ಲಿ ಯಾರಿಗಾದರೂ ನೆಗಡಿಯಾದರೂ ಲಿನಕ್ಸ್ ಹಾಕಿಕೊಳ್ಳಿ ಎಂದು ಹೇಳುವಷ್ಟು ಭಕ್ತಿ ನನ್ನದು ಎಂದು ರಾಣಿ ಆಡಿಕೊಳ್ಳುತ್ತಾಳೆ.

ಇನ್ನು ನನ್ನ ಅಹವಾಲಿಗೆ ಬರುತ್ತೇನೆ. ನಮ್ಮ ಕಡೆ ಹೆಣ್ಣನ್ನು ಹಸೆಮಣೆಯ ಮೇಲೆ ಕೂರಿಸಿ ಅರಿಸಿನ ಹಚ್ಚುವಾಗ ಸೋಬಾನೆ ಪದ ಹೇಳಬೇಕು, ಮತ್ತು ಕೋಗಿಲಿನಲ್ಲಿ ಸೋಬಾನೆ ಎಂದರೆ ನಮ್ಮಮ್ಮ ಪಟಾಲಮ್ಮ. ಹೂವು, ಹಣ್ಣು, ಕೆರೆ, ಬಾವಿ, ಹೆಣ್ಣಿನ ಹೆಸರು, ಗಂಡಿನ ಊರು, ಎಲ್ಲವನ್ನೂ ಸೇರಿಸಿ ಅಲ್ಲೇ ಕಟ್ಟಿ ಹಾಡುತ್ತಿದ್ದಳು. ಎರಡು ವರ್ಷದ ಹಿಂದೆ ನಮ್ಮಪ್ಪ ತೀರಿಕೊಂಡರು. ಅವತ್ತಿನಿಂದ ಅಮ್ಮ ಶುಭಕಾರ್ಯದಲ್ಲಿ ಬಾಯಿ ತೆರೆದಿಲ್ಲ. ಗಂಡನಿಲ್ಲದವರು ಹಸೆಯ ಹತ್ತಿರ ಕೂರಬಾರದು, ಸೋಬಾನೆ ಹೇಳಬಾರದು ಎಂಬುದು ನಮ್ಮಲ್ಲಿ ನಡೆದು ಬಂದ ಕಟ್ಟಳೆ. ಅಮ್ಮನಿಗೆ ಅದನ್ನು ಯಾರೂ ಹೇಳಲಿಲ್ಲ, ಅವಳೇ ಹೇಳಿಕೊಂಡಳು. ಒಳಕೋಣೆಯಲ್ಲಿ ಕೂತು ಎಲೆಯಡಿಕೆ ಬುಟ್ಟಿ ಕಾಯುವುದಷ್ಟೇ ತನ್ನ ಕೆಲಸ ಅಂದುಕೊಂಡಳು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ, ಬದಲಾಯಿಸುವ ಧೈರ್ಯವೂ ಇರಲಿಲ್ಲ.

ಚೈತ್ರಳಿಗೆ ಮಾತ್ರ ಇದ್ಯಾವುದೂ ಒಪ್ಪಿಗೆಯಾಗಲಿಲ್ಲ. ಹುಟ್ಟಿದಾಗಿನಿಂದ ಅಜ್ಜಿಯ ಮಗ್ಗುಲಲ್ಲೇ ಮಲಗಿ ಆ ಪದಗಳನ್ನು ಕೇಳಿಕೊಂಡು ಬೆಳೆದವಳು, "ಅಜ್ಜಿ ಪದ ಹೇಳ್ದೆ ನಾನು ಅರಿಸಿನ ಹಚ್ಚಿಸ್ಕೊಳ್ಳಲ್ಲ ಕಣಪ್ಪಾ, ಬೇಕಾದ್ರೆ ಗಂಡಿನ ಮನೆಯೋರ್ಗೆ ಫೋನ್ ಮಾಡಿ ಹೇಳ್ಬಿಡು" ಎಂದು ಹಟ ಹಿಡಿದು ಕೂತಳು. ಆಗ ನನಗೆ ಹೊಳೆದದ್ದು ಕಂಪ್ಯೂಟರು. ಐದು ವರ್ಷದ ಹಿಂದೆ, ಅಪ್ಪ ಬದುಕಿದ್ದಾಗ, ವಿದ್ಯಾರಣ್ಯಪುರದ ನಮ್ಮಕ್ಕನ ಮಗಳು ಪದ್ಮಶ್ರೀಯ ಮದುವೆಯಲ್ಲಿ ಅಮ್ಮ ಹೇಳಿದ ಸೋಬಾನೆಯನ್ನು ನಾನು ರೆಕಾರ್ಡ್ ಮಾಡಿಟ್ಟಿದ್ದೆ. ಅದನ್ನು ಹಾಕಬಹುದೇ ಎಂಬ ಪ್ರಶ್ನೆ ನಮ್ಮ ಮನೆಯ ಹೈಕೋರ್ಟಿಗೆ, ಅಂದರೆ ಅಪ್ಪನ ಅಕ್ಕ ಮುನಿಯಲ್ಲಮ್ಮತ್ತೆಯ ಮುಂದೆ ಹೋಯಿತು. ಎಂಬತ್ತು ವರ್ಷದ, ಇನ್ನೂ ಮುತ್ತೈದೆಯಾಗಿರುವ ಅತ್ತೆ ಎರಡು ದಿನ ಯೋಚಿಸಿ, "ಪೆಟ್ಗೆ ಒಳ್ಗಿರೋಳು ಮುತ್ತೈದೆ ಅಲ್ವೇನ್ಲಾ? ಅವತ್ತು ಅವ್ಳ ಗಂಡ ಇದ್ನಲ್ಲ? ಆಡ್ಲಿ ಬುಡು" ಎಂದು ತೀರ್ಪು ಕೊಟ್ಟಳು. ಇಂಥ ತೀರ್ಪನ್ನು ಯಾವ ಕಾನೂನು ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲ ಎಂದು ನಾನು ಬೀಗಿದೆ.

ನಮ್ಮ ಕಂಪ್ಯೂಟರಿನ ಹುಟ್ಟುದನಿ ಹಿಂದೊಮ್ಮೆ ಸಿಡಿಲಿಗೆ ಹೋಗಿತ್ತಾದ್ದರಿಂದ, ಎಸ್.ಪಿ. ರೋಡಿಗೆ ಹೋಗಿ ಯು.ಎಸ್.ಬಿ. ತೂತಿಗೆ ಸಿಕ್ಕಿಸುವ ಬೆಂಕಿಪೊಟ್ಟಣದಷ್ಟು ದೊಡ್ಡ ಸೌಂಡ್ ಪೆಟ್ಟಿಗೆಯೊಂದನ್ನು ತಂದೆ. ಆ ಪೆಟ್ಟಿಗೆಯನ್ನು ಓಡಿಸಬೇಕಾದವರು ತಾವು. ಮೊದಲೇ ಸಿಕ್ಕಿಸಿ ನೋಡಬಹುದಿತ್ತಲ್ಲ ಎಂದು ತಾವು ಕೇಳಬಹುದು. ಸ್ವಾಮೀ, ಅನುಮಾನಪಟ್ಟು ಪರೀಕ್ಷೆ ಮಾಡುವುದು ಭಕ್ತನ ಲಕ್ಷಣವಲ್ಲ.

ಫೆಬ್ರವರಿ ಹದಿನೈದು, ಬುಧವಾರ. ಅರಿಸಿನ ಶಾಸ್ತ್ರದ ದಿನ. ಬುಧವಾರ ರಾಹುಕಾಲ ಮಧ್ಯಾಹ್ನ ಹನ್ನೆರಡಕ್ಕೆ ಶುರುವಾಗುವುದರಿಂದ ಎಲ್ಲವೂ ಅಷ್ಟರೊಳಗೆ ಮುಗಿಯಬೇಕಿತ್ತು. ಚಪ್ಪರದ ಕೆಳಗೆ ಕಂಪ್ಯೂಟರು, ಅದರ ಕೊರಳಿಗೆ ರಾಣಿ ಹಾಕಿದ ಸೇವಂತಿಗೆ ಹಾರ, ಎರಡೂ ಕಡೆ ಸ್ಪೀಕರು, ಎದುರಿಗೆ ಹಸೆಮಣೆಯ ಮೇಲೆ ಚೈತ್ರ, ಸುತ್ತಲೂ ಅರವತ್ತು ಜನ ಹೆಂಗಸರು. ಹನ್ನೊಂದಕ್ಕೆ ನಾನು ಆ ಪೆಟ್ಟಿಗೆಯನ್ನು ಕಣ್ಣಿಗೊತ್ತಿಕೊಂಡು ಸಿಕ್ಕಿಸಿದೆ. ಸದ್ದಿಲ್ಲ. ತೆಗೆದು ಮತ್ತೆ ಸಿಕ್ಕಿಸಿದೆ. ತಮ್ಮ ಹೆಸರು ಹಿಡಿದು, ಕಪ್ಪು ಪರದೆಯಲ್ಲಿ ಆಜ್ಞೆ ಬರೆದು ಕರೆದೆ. ಬಂದ ಉತ್ತರ ಒಂದೇ ಸಾಲು: ಫೇಟಲ್, ಮಾಡ್ಯೂಲ್ ನಾಟ್ ಫೌಂಡ್.

ಇಲ್ಲಿ ತಮ್ಮ ಯಜಮಾನರ ಭಾಷಾಶೈಲಿಯನ್ನು ಎಷ್ಟು ಹೊಗಳಿದರೂ ಸಾಲದು. ಒಬ್ಬ ಡ್ರೈವರು ಕೂಗಿದಾಗ ಓಗೊಡಲಿಲ್ಲವೆಂದರೆ ಸಾಮಾನ್ಯರು 'ಬಂದಿಲ್ಲ, ಬರ್ತಾನೆ' ಎನ್ನುತ್ತಾರೆ. ತಮ್ಮವರು ನೇರವಾಗಿ ಸಾವಿನ ಸುದ್ದಿಗೇ ಕೈ ಹಾಕುತ್ತಾರೆ. ನನ್ನ ಹೆಗಲ ಮೇಲಿಂದ ಬಗ್ಗಿ ಓದುತ್ತಿದ್ದ ರಾಣಿ ದಿನಾ ಪತ್ರಿಕೆಯಲ್ಲಿ ಹೆಬ್ಬಾಳದ ಮೇಲ್ಸೇತುವೆಯ ಅಪಘಾತದ ಸುದ್ದಿಗಳನ್ನು ತಪ್ಪದೆ ಓದುವವಳು. ಫೇಟಲ್ ಎಂದರೇನೆಂದು ಅವಳಿಗೆ ಚೆನ್ನಾಗಿ ಗೊತ್ತು. "ಏನ್ರೀ ಇದು, ಏನಾಯ್ತು?" ಎಂದಳು. ನಾನು ತಲೆ ಎತ್ತದೆ, ಬೆವರು ಒರೆಸಿಕೊಳ್ಳುತ್ತಾ, "ಕರ್ನಲ್ ಡ್ರೈವರ್ ಸಿಗ್ತಿಲ್ಲ ಕಣೇ" ಎಂದೆ. ಈ ನಾಲ್ಕು ಪದಗಳಿಗಾಗಿ ನಾನು ಈ ಜನ್ಮದಲ್ಲಿ ಇನ್ನೂ ಎಷ್ಟು ಜನರ ಹತ್ತಿರ ಕ್ಷಮೆ ಕೇಳುವುದಿದೆಯೋ ತಿಳಿಯದು.

ಏಕೆಂದರೆ ಮಾನ್ಯರೇ, ನಮ್ಮ ಹಿಂದಿನ ಬೀದಿಯಲ್ಲಿ ಸೈನ್ಯದಿಂದ ನಿವೃತ್ತರಾದ ಒಬ್ಬ ಕರ್ನಲ್ ಸಾಹೇಬರಿದ್ದಾರೆ. ಅವರಿಗೆ ಖಾದರ್ ಬಾಷಾ ಎಂಬ ಡ್ರೈವರಿದ್ದಾರೆ. ಮುನಿಯಲ್ಲಮ್ಮತ್ತೆಗೆ ಸಕ್ಕರೆ ಕಾಯಿಲೆ ಬಂದಾಗಿನಿಂದ ಅವಳನ್ನು ಯಲಹಂಕದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುವವರು ಅದೇ ಖಾದರ್ ಬಾಷಾ. ಅವಳು ಅವರನ್ನು ಮಗನೇ ಎನ್ನುತ್ತಾಳೆ, ಅವರು ಅವಳನ್ನು ಅಮ್ಮಾ ಎನ್ನುತ್ತಾರೆ. ರಾಣಿ ಅಡುಗೆಮನೆಗೆ ಓಡಿ, "ಕರ್ನಲ್ ಡ್ರೈವರ್ ಸಿಗ್ತಿಲ್ವಂತೆ, ಫೇಟಲ್ ಅಂತ ಬಂದೈತೆ" ಎಂದು ಹೇಳಿದ್ದೇ ತಡ, ಅತ್ತೆ ಕೈಯಲ್ಲಿದ್ದ ಒಬ್ಬಟ್ಟಿನ ಹಿಟ್ಟನ್ನು ಹಾಗೇ ಬಿಟ್ಟು, "ಅಯ್ಯೋ ನನ್ ಮಗ್ನೇ ಖಾದ್ರಾ, ಎಂಗಪ್ಪಾ ಓದೆ, ಎಲ್ಲಪ್ಪಾ ಓದೆ" ಎಂದು ಎದೆ ಬಡಿದುಕೊಳ್ಳುತ್ತಾ ಹಿಂದಿನ ಬೀದಿಗೆ ಹೊರಟಳು. ಅವಳ ಹಿಂದೆ ಅರವತ್ತರಲ್ಲಿ ನಲವತ್ತು ಜನ ಹೊರಟರು. ಹಸೆಮಣೆಯ ಮೇಲೆ ನನ್ನ ಮಗಳು, ಕಪ್ಪು ಪರದೆಯ ಮುಂದೆ ನಾನು, ಒಳಕೋಣೆಯಲ್ಲಿ ಎಲೆಯಡಿಕೆ ಬುಟ್ಟಿಯೊಂದಿಗೆ ಅಮ್ಮ, ಮಿಕ್ಕ ಇಪ್ಪತ್ತು ಜನರೊಂದಿಗೆ ಉಳಿದೆವು.

ಅರಿಸಿನ ಕಲಸುತ್ತಿದ್ದ ಕೈಗಳ ನಲವತ್ತು ಹೆಂಗಸರು ಅಳುತ್ತಾ ಗೇಟಿನ ಒಳಗೆ ಬಂದಾಗ ಕರ್ನಲ್ ಸಾಹೇಬರು ಅಂಗಳದಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದರಂತೆ. ಯುದ್ಧ ನೋಡಿದವರು, ಆದರೂ ಚಮಚ ಕೆಳಗೆ ಬಿತ್ತಂತೆ. ಬೆಳಿಗ್ಗೆ ಟೈರಿಗೆ ಪಂಕ್ಚರ್ ಹಾಕಿಸಲು ಹೋದ ಖಾದರ್ ಬಾಷಾ ಇನ್ನೂ ಬಂದಿರಲಿಲ್ಲ, ಫೋನ್ ಮಾಡಿದರೆ ತೆಗೆಯಲಿಲ್ಲ. ಸಾಹೇಬರು ಪೈಜಾಮದಲ್ಲೇ ಎದ್ದು ನಿಂತು, ನಮ್ಮ ಅತ್ತೆಯನ್ನು ತಬ್ಬಿಕೊಂಡು ಅತ್ತರು ಎಂದು ರಾಣಿ ಹೇಳುತ್ತಾಳೆ. ತಬ್ಬಿಕೊಂಡದ್ದು ಅತ್ತೆಯೇ ಎಂದು ಸಾಹೇಬರು ಹೇಳುತ್ತಾರೆ. ಹೀಗೆ ಇಪ್ಪತ್ತು ನಿಮಿಷ ಶೋಕಾಚರಣೆ ನಡೆದ ಮೇಲೆ, ಸರಿಯಾದ ಟೈರಿನೊಂದಿಗೆ, ಎರಡು ಕಟ್ಟು ಕೊತ್ತಂಬರಿ ಸೊಪ್ಪಿನೊಂದಿಗೆ, ಖಾದರ್ ಬಾಷಾ ಕಾರು ನಿಲ್ಲಿಸಿ ಇಳಿದರು. ಆಗ ಅವರ ಮೇಲೆ ಬಿದ್ದ ಅರಿಸಿನದ ಕೈಗಳನ್ನು ನೆನೆದರೆ, ಅವತ್ತು ನಮ್ಮ ಬೀದಿಯಲ್ಲಿ ಶಾಸ್ತ್ರೋಕ್ತವಾಗಿ ಮೊದಲು ಅರಿಸಿನ ಹಚ್ಚಿಸಿಕೊಂಡವರು ಅವರೇ ಎನ್ನಬೇಕು.

ಅಷ್ಟರಲ್ಲಿ ನಾನು ಪಟ್ಟ ಪಾಡನ್ನೂ ತಾವು ಕೇಳಬೇಕು. ಇಂಟರ್‌ನೆಟ್‌ನಲ್ಲಿ ಪರಿಹಾರ ಹುಡುಕೋಣವೆಂದರೆ, ಚಪ್ಪರದವರು ಹಾಲುಗಂಬ ನೆಡಲು ಗುಂಡಿ ತೋಡುವಾಗ ಕೇಬಲ್ಲನ್ನೇ ಕತ್ತರಿಸಿದ್ದರು. ಹಾಡನ್ನು ಮೊಬೈಲಿಗೆ ಹಾಕಿಕೊಂಡು ಕೇಳಿಸಬಾರದೇ ಎಂದು ನೆರೆದವರಲ್ಲಿ ಏಳು ಜನ ಏಳು ಸಲ ಕೇಳಿದರು. ಹಾಕಬಹುದಿತ್ತು. ಆದರೆ ಭಕ್ತನಾದ ಮೇಲೆ, ಭಕ್ತಿಯ ಭರದಲ್ಲಿ ನಾನು ಅದನ್ನು ಲಿನಕ್ಸಿನವರಿಗೆ ಮಾತ್ರ ಪ್ರಿಯವಾದ ಒಂದು ಮಾದರಿಗೆ ಬದಲಾಯಿಸಿಟ್ಟಿದ್ದೆ, ಅಲ್ಲಿದ್ದ ಒಂದು ಫೋನೂ ಅದನ್ನು ಮೂಸಿ ನೋಡಲಿಲ್ಲ. ಗಂಟೆ ಹನ್ನೊಂದೂವರೆಯಾಯಿತು. ಚೈತ್ರ ಒಳಕೋಣೆಯ ಬಾಗಿಲನ್ನೇ ನೋಡುತ್ತಿದ್ದಳು. ನನಗೆ ತಮ್ಮ ಮೇಲೆ ಎಷ್ಟು ಕೋಪ ಬಂತೆಂದರೆ, ತಾವು ಮನುಷ್ಯರಾಗಿ ಹುಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಹೊತ್ತಿಗೆ ಸರಿಯಾಗಿ ಮೆರವಣಿಗೆ ವಾಪಸು ಬಂತು. ಮುನಿಯಲ್ಲಮ್ಮತ್ತೆ ಖಾದರ್ ಬಾಷಾ ಅವರ ಕೈ ಹಿಡಿದುಕೊಂಡು ಬಂದು, "ನೋಡ್ಲಾ, ಬದ್ಕವ್ನೆ! ಬಾಯಿಗ್ ಬಂದಂಗೆ ಯೋಳ್ತೀಯಾ?" ಎಂದು ಅರವತ್ತು ಜನರ ಮುಂದೆ ನನ್ನನ್ನು ತರಾಟೆಗೆ ತೆಗೆದುಕೊಂಡಳು. ಮೈತುಂಬ ಹಳದಿಯಾಗಿದ್ದ ಖಾದರ್ ಬಾಷಾ ಪರದೆಯನ್ನೊಮ್ಮೆ, ಪೆಟ್ಟಿಗೆಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, ಬಹಳ ಮರ್ಯಾದೆಯಿಂದ ಕೇಳಿದರು: "ಸಾರ್, ಇಂಜಿನ್ ಆಫ್ ಮಾಡಿ ಎಷ್ಟ್ ದಿನ ಆಯ್ತು?"

ಮಾನ್ಯರೇ, ಈಗ ನಾನು ನನ್ನ ಒಂದು ದೌರ್ಬಲ್ಯವನ್ನು ಒಪ್ಪಿಕೊಳ್ಳಲೇಬೇಕು. ಹೋದ ಆಯುಧಪೂಜೆಯ ದಿನ ಕುಂಬಳಕಾಯಿ ಒಡೆದು, ಕೀಬೋರ್ಡಿಗೆ ಕುಂಕುಮ ಇಟ್ಟು ಆನ್ ಮಾಡಿದ ಆ ಕಂಪ್ಯೂಟರನ್ನು ನಾನು ಅವತ್ತಿನಿಂದ ಆಫ್ ಮಾಡಿರಲಿಲ್ಲ. ಕರೆಂಟು ಹೋದರೆ ಯು.ಪಿ.ಎಸ್. ಇತ್ತು, ಯು.ಪಿ.ಎಸ್. ಕೂಗಿಕೊಂಡರೆ ಪಕ್ಕದ ಮನೆಯ ಇನ್ವರ್ಟರಿನಿಂದ ವೈರು ಎಳೆದಿದ್ದೆ. ಐ.ಟಿ.ಐ.ನಲ್ಲಿ ದಿನಾ ಬೆಳಿಗ್ಗೆ ಬೋರ್ಡಿನ ಮೂಲೆಯಲ್ಲಿ ಆ ದಿನಗಳ ಸಂಖ್ಯೆ ಬರೆಯುತ್ತಿದ್ದೆ. "ನೂರ ಮೂವತ್ತಮೂರು ದಿನ" ಎಂದೆ, ಆ ಸಂಕಟದಲ್ಲೂ ಎದೆ ಸ್ವಲ್ಪ ಉಬ್ಬಿತು. ಖಾದರ್ ಬಾಷಾ ಅವರ ಮುಖದಲ್ಲಿ ಮಾತ್ರ ಕನಿಕರವಿತ್ತು. "ಒಂದ್ಸಲ ಆಫ್ ಮಾಡಿ ಸ್ಟಾರ್ಟ್ ಮಾಡಿ ಸಾರ್, ಗಾಡಿಗೂ ಉಸ್ರು ಬೇಕಲ್ವಾ" ಎಂದರು.

ನಾನು ನಕ್ಕೆ. ಇದು ಬೇರೆ ಕಂಪ್ಯೂಟರುಗಳ ಹಾಗಲ್ಲ ಎಂದೆ. ಲಿನಕ್ಸಿನ ಸ್ಥಿರತೆ ಎಂಬ ವಿಷಯದ ಮೇಲೆ, ಹನ್ನೊಂದೂ ಮುಕ್ಕಾಲಿಗೆ, ಅರಿಸಿನದ ಬಟ್ಟಲುಗಳ ನಡುವೆ ನಿಂತು ಭಾಷಣ ಶುರು ಮಾಡಿದೆ. ಆಗ ಹಸೆಮಣೆಯಿಂದ ಚೈತ್ರ, "ಅಪ್ಪಾ, ನಿನ್ ದಿನದ್ ಲೆಕ್ಕ ದೊಡ್ಡದಾ, ನಾನ್ ದೊಡ್ಡೋಳಾ?" ಎಂದಳು. ಭಾಷಣ ಅಲ್ಲಿಗೆ ಮುಗಿಯಿತು. ನಾನು ಗುಂಡಿ ಒತ್ತಿದೆ. ಪರದೆ ಕತ್ತಲಾದಾಗ ನಾನು ಅದರ ಕೊರಳಿನ ಹಾರ ಸರಿ ಮಾಡಿ ಕೈ ಮುಗಿದೆ ಎಂದರೆ ತಾವಾದರೂ ನಗಬಾರದು.

ಎರಡು ನಿಮಿಷದ ನಂತರ ಪೆಟ್ಟಿಗೆಯ ಮೇಲೆ ಹಸಿರು ದೀಪ ಹತ್ತಿತು. ತಾವು ಬಂದಿದ್ದಿರಿ! ಆಮೇಲೆ ನಿಧಾನವಾಗಿ ಕೂತು ಯೋಚಿಸಿದಾಗ ನನಗೆ ತಿಳಿದದ್ದಿಷ್ಟು. ಸಂಕ್ರಾಂತಿಯ ದಿನ ಬಂದ ಅಪ್‌ಡೇಟಿನಲ್ಲಿ ಹೊಸ ಕರ್ನಲ್ ಬಂದು ಡಿಸ್ಕಿನಲ್ಲಿ ಕೂತಿತ್ತು, ತಾವೂ ಅದರ ಜೊತೆ ಹೊಸ ಮನೆಗೆ ಹೋಗಿದ್ದಿರಿ. ಜಾಗ ಸಾಲದೆಂದು ಹಳೆಯ ಮನೆಯನ್ನು ಕೆಡವಿ ಹಾಕಿದವನು ನಾನೇ. ಆದರೆ ಆಫ್ ಮಾಡದೇ ಇದ್ದುದರಿಂದ ಹಳೆಯ ಕರ್ನಲ್ಲೇ ಕುರ್ಚಿ ಬಿಡದೆ ಕೂತು, ಇಲ್ಲದ ಮನೆಯ ಬಾಗಿಲು ತಟ್ಟಿ ತಮ್ಮನ್ನು ಕರೆಯುತ್ತಿತ್ತು. ಮರಳಿ ಶುರು ಮಾಡಿ ಎಂದು ಒಂದು ತಿಂಗಳಿನಿಂದ ಪರದೆಯ ಮೂಲೆಯಲ್ಲಿ ಸೂಚನೆ ಬರುತ್ತಲೇ ಇತ್ತು, ಅದರ ಮೇಲೆ ನಾನು ನಿಂಬೆಹಣ್ಣಿನ ಚಿತ್ರದ ಚೀಟಿ ಅಂಟಿಸಿದ್ದೆ. ಹೀಗಾಗಿ ಅಪರಾಧ ಯಾರದು ಎಂಬ ವಿಚಾರಕ್ಕೆ ನಾನು ಈ ಪತ್ರದಲ್ಲಿ ಹೆಚ್ಚು ಹೋಗುವುದಿಲ್ಲ.

ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಹಾಡು ಶುರುವಾಯಿತು. ಅಮ್ಮನ ದನಿ, ಐದು ವರ್ಷ ಚಿಕ್ಕದು, ಚಪ್ಪರದ ತುಂಬ ಹರಡಿತು. ಅತ್ತೆ ಅರಿಸಿನದ ಬಟ್ಟಲಿಗೆ ಬೆರಳು ಅದ್ದಿದಳು. ಕೋಗಿಲು ಕೆರೆಯ ನೀರು ಬಂತು, ಮಲ್ಲಿಗೆ ಮೊಗ್ಗು ಬಂತು, ಬಾಳೆಗೊನೆ ಬಂತು, ಆಮೇಲೆ ಸ್ಪಷ್ಟವಾಗಿ, ಎರಡೂ ಸ್ಪೀಕರಿನಿಂದ, 'ನಮ್ಮ ಪದ್ಮಶ್ರೀ ಹಸೆಗೆ ಬಂದಾಳು' ಎಂದು ಬಂತು.

ಯಾರ ಮದುವೆಯಲ್ಲಿ ಹೇಳಿದ್ದೋ ಅವರ ಹೆಸರೇ ಅದರಲ್ಲಿರುತ್ತದೆ ಎಂಬುದು, ಆ ಪದಗಳನ್ನೇ ಕೇಳಿ ಬೆಳೆದ ನನಗೆ, ನೂರ ಮೂವತ್ತಮೂರು ದಿನದಲ್ಲಿ ಒಂದು ಸಲವೂ ಹೊಳೆದಿರಲಿಲ್ಲ. ಎರಡು ಮಕ್ಕಳ ತಾಯಿಯಾಗಿ ಮೂರನೇ ಸಾಲಿನಲ್ಲಿ ಕೂತಿದ್ದ ಪದ್ಮಶ್ರೀ ನಾಚಿಕೆಯಿಂದ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಎರಡನೇ ನುಡಿಯಲ್ಲೂ ಪದ್ಮಶ್ರೀ, ಮೂರನೆಯದರಲ್ಲೂ ಪದ್ಮಶ್ರೀ. ಗುಂಡಿ ಒತ್ತಿ ನಿಲ್ಲಿಸಲು ನನ್ನ ಕೈ ಏಳಲಿಲ್ಲ. ಆಗ ಒಳಕೋಣೆಯಲ್ಲಿ ಎಲೆಯಡಿಕೆ ಬುಟ್ಟಿ ದಬ್ಬಿದ ಸದ್ದಾಯಿತು.

ನಮ್ಮಮ್ಮ ಹೊರಗೆ ಬಂದಳು. ಎರಡು ವರ್ಷದಲ್ಲಿ ಯಾವ ಶುಭಕಾರ್ಯದಲ್ಲೂ ದಾಟದಿದ್ದ ಆ ಹೊಸ್ತಿಲನ್ನು ದಾಟಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಸ್ಪೀಕರಿನ ಕಡೆ ಕೈ ಮಾಡಿ, "ನನ್ ಮೊಮ್ಮಗ್ಳ ಅಸೆ ಮ್ಯಾಲೆ ಇನ್ನೊಬ್ಳ ಎಸ್ರಾ? ಮೊದ್ಲು ಯಾರಾದ್ರೂ ನನ್ ಬಾಯಿ ಮುಚ್ಚಿಸ್ರೋ!" ಎಂದು ಕೂಗಿದಳು. ಖಾದರ್ ಬಾಷಾ ಪೆಟ್ಟಿಗೆಯನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ಆ ನಿಶ್ಶಬ್ದದಲ್ಲಿ ಅಮ್ಮ, ನಿಂತಲ್ಲೇ, ಅದೇ ನುಡಿಯನ್ನು ಎತ್ತಿಕೊಂಡು, 'ನಮ್ಮ ಚೈತ್ರ ಹಸೆಗೆ ಬಂದಾಳು' ಎಂದು ತಿದ್ದಿ ಹಾಡಿದಳು. ಮೊದಲ ಸಾಲು ಕೋಪದಿಂದ, ಎರಡನೆಯದು ರಾಗದಿಂದ. ಮೂರನೆಯ ಸಾಲಿಗೆ ಬಂದಾಗ ತಾನು ಎಲ್ಲಿ ನಿಂತಿದ್ದೇನೆ, ಏನು ಮಾಡುತ್ತಿದ್ದೇನೆ ಎಂದು ಗೊತ್ತಾಗಿ ಗಕ್ಕನೆ ನಿಲ್ಲಿಸಿ, ಸೆರಗು ಬಾಯಿಗೆ ಇಟ್ಟುಕೊಂಡಳು.

ಎಲ್ಲರೂ ಮುನಿಯಲ್ಲಮ್ಮತ್ತೆಯ ಮುಖ ನೋಡಿದರು. ನಾನು ನೋಡಲಿಲ್ಲ, ನನಗೆ ಭಯವಾಗಿತ್ತು. ಅತ್ತೆ ಚಾಪೆಯ ಮೇಲೆ ಒಂದು ಗೇಣು ಸರಿದು ಜಾಗ ಮಾಡಿ, "ನಿಂತ್ಕಂಡ್ ಯಾಕೇ ಆಡ್ತೀಯಾ, ಮಂಡಿ ನೋವು ನಿಂಗೆ, ಕೂತ್ಕೋ" ಎಂದಳು. ಅಮ್ಮ ಕೂತಳು. ಹಾಡಿದಳು. ಚೈತ್ರ ಅಳುತ್ತಾ ಅರಿಸಿನ ಹಚ್ಚಿಸಿಕೊಂಡಳು. ನಾನೂ ಕಣ್ಣೀರು ಹಾಕಿದೆ, ಅದನ್ನು ಬರೆಯಲು ನನಗೆ ಸಂಕೋಚವಿಲ್ಲ. ರಾಹುಕಾಲ ಶುರುವಾಗಿ ಎಷ್ಟೋ ಹೊತ್ತಾದರೂ ಯಾರೂ ಗಡಿಯಾರ ನೋಡಲಿಲ್ಲ.

ಆದಕಾರಣ ಮಾನ್ಯರಲ್ಲಿ ನನ್ನ ವಿನಮ್ರ ಬೇಡಿಕೆಗಳು ಇಂತಿವೆ. ಮುಂದೆ ತಾವು ಮನೆ ಬದಲಿಸುವಾಗ ಹಳೆಯ ಬಾಗಿಲ ಮೇಲೆ ಹೊಸ ವಿಳಾಸ ಬರೆದು ಹೋಗಬೇಕು. ರಜೆ ಬೇಕಾದರೆ ರಜಾಚೀಟಿ ಕೊಡಬೇಕು. ತಮ್ಮ ಯಜಮಾನರು ತಮ್ಮ ಹೆಸರನ್ನು ಸೈನ್ಯದವರಿಗೆ ತೊಂದರೆಯಾಗದಂತೆ ಬದಲಿಸಿಕೊಳ್ಳಬೇಕು, ಪಟೇಲ, ಶಾನುಭೋಗ, ಯಾವುದಾದರೂ ಆದೀತು. ಮತ್ತು ಹಿಂದಿನ ಬೀದಿಯ ಸಾಹೇಬರ ಮನೆಗೆ ಸ್ವತಃ ಹೋಗಿ, ಆರಿಹೋದ ಒಂದು ತಟ್ಟೆ ಉಪ್ಪಿಟ್ಟಿಗಾಗಿ ಕ್ಷಮೆ ಕೇಳಬೇಕು. ಇವುಗಳಲ್ಲಿ ಒಂದೂ ಆಗುವುದಿಲ್ಲವೆಂದು ಬಲ್ಲೆ. ಆದರೂ ನಾನು ಹಿಂದಿನ ದಿನವೇ ಪೆಟ್ಟಿಗೆ ಸಿಕ್ಕಿಸಿ, ತಾವು ಆಗಲೇ ಬಂದುಬಿಟ್ಟಿದ್ದರೆ ಏನಾಗುತ್ತಿತ್ತೆಂದು ಯೋಚಿಸುತ್ತೇನೆ. ನಾನು ಮೊದಲೇ ಕೂತು ಕೇಳಿ, ಆ ಹೆಸರನ್ನು ಕತ್ತರಿಸಿ ಸರಿ ಮಾಡುತ್ತಿದ್ದೆ. ಪೆಟ್ಟಿಗೆ ಲಕ್ಷಣವಾಗಿ ಹಾಡುತ್ತಿತ್ತು. ಅಮ್ಮ ಒಳಕೋಣೆಯಲ್ಲೇ ಕೂತು ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ಆದ್ದರಿಂದ, ದೂರು ಎಂದು ಶುರು ಮಾಡಿದ ಈ ಪತ್ರವನ್ನು ಏನೆಂದು ಮುಗಿಸಬೇಕೋ ನನಗೆ ತಿಳಿಯದು.

ಇಷ್ಟೆಲ್ಲ ಆದಮೇಲೂ, ದಿನಾ ರಾತ್ರಿ ಆಫ್ ಮಾಡಿ ಮಲಗುವ,

ತಮ್ಮ ವಿಶ್ವಾಸಿ,
ಎಂ. ಸುಬ್ರಮಣಿ

ಬರೆಯಲು ಮರೆತದ್ದು: ಮುಂದಿನ ತಿಂಗಳು ಮಾಕಳಿಯಲ್ಲಿ ನೆಂಟರ ಮದುವೆ. ಸೋಬಾನೆಗೆಂದು ಅಮ್ಮನಿಗೇ ನೇರವಾಗಿ ಎಲೆಯಡಿಕೆ ಕೊಟ್ಟು ಕರೆದು ಹೋಗಿದ್ದಾರೆ, ಅವಳು ಈಗಲೇ ಆ ಹುಡುಗಿಯ ಹೆಸರು ಕೇಳಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದಾಳೆ. ಅಷ್ಟು ದೂರ ಕರೆದುಕೊಂಡು ಹೋಗಲು ನಂಬಿಕಸ್ಥ ಡ್ರೈವರೊಬ್ಬರು ಬೇಕಾಗಿತ್ತು. ತಮ್ಮನ್ನು ಕೇಳುವುದಕ್ಕೆ ಮೊದಲೇ ಖಾದರ್ ಬಾಷಾ ಒಪ್ಪಿಕೊಂಡರು. ಅವರು ಕರೆದರೆ ಬರುತ್ತಾರೆ.